ಒತ್ತಿದ್ಮ್ಯಾಲ ಎಷ್ಟೊತ್ತಿಗೆ ಜಿಗಿತಾನ?

ಹೋದ ಗಣಪತಿ ಹಬ್ಬಕ್ಕ ಅಕ್ಕ ಪುಣೇದಿಂದ ಬೆಳಗಾವಿಗೆ ಬಂದಿದ್ಲು, ಕೂಡ ಹನ್ನೊಂದ ವರ್ಷದ ಅಕಿ ಮಗ. ಹೊರಗ ಮಳಿ ಬಿಡವಲ್ದು, ಗಲ್ಲಿ ಗಲ್ಲಿ ಗಣಪತಿ ತೋರಿಸ್ಕೊಂಡ ಬರೂನು ಅಂದ್ರ ಎಲ್ಲಾ ಕಡೆ ರಾಡಿ, ಹಿಂಗಾಗಿ ಅಟ್ಟದ ಮ್ಯಾಲಿಂದ ನನ್ನ ಹಳೇ ಪಿಎಸ್ ಟು, ಅಂದ್ರ ಸೋನಿ ಕಂಪನಿದು ಪ್ಲೇಸ್ಟೇಶನ್ 2 ಅನ್ನೂ ಆಟದ ಮಷೀನ್, ಇಳಿಸಿ ಹಾಲ್‌ನ್ಯಾಗಿನ ದೊಡ್ಡ ಟಿವಿಗೆ ಹಚ್ಚಿ ಕೊಟ್ಟೆ. ಹಾಕಿದ್ದು ಕ್ರ್ಯಾಶ್ ಬ್ಯಾಂಡಿಕೂಟ್, ರ‍್ಯಾತ್ ಆಫ್ ಕಾರ್ಟೆಕ್ಸ್, 2001ರ ಡಿಸ್ಕು. ಹುಡುಗ ಚುರುಕ ಅದಾನ, ಅವ್ರ ಮನ್ಯಾಗ ಹೊಸಾ ಮಷೀನ್ ಐತಿ, ಜಿಗಿಯೂ ಆಟ ಅಂವಗ ಹೊಸಾದಲ್ಲ. ಆದ್ರ ಒಂದ ತಗ್ಗಿನ್ಯಾಗ ಏಳೆಂಟ ಸಲ ಬಿದ್ದ. ಸಿಟ್ಟಾಗ್ಲಿಲ್ಲ, ಆಟದ ರಿಮೋಟ್ ಕೆಳಗಿಟ್ಟು ನನ್ನ ಮಾರಿ ನೋಡಿ ಕೇಳಿದ, "ಮಾಮಾ, ನಾ ಒತ್ತಿದ್ಮ್ಯಾಲ ಇಂವ ಸ್ವಲ್ಪ ತಡದ ಜಿಗ್ಯಾಕತ್ತಾನಲ್ಲ, ಮದ್ಲಿಂದ್ಲೂ ಹಿಂಗ ಇತ್ತೇನು?"

ಇಲ್ಲೋ ತಮ್ಮಾ, ನಿಂಗ ರೂಢಿ ಇಲ್ಲ ಅಷ್ಟ, ಅಂದೆ. ಆದ್ರ ರಾತ್ರಿ ಎಲ್ಲಾರೂ ಮಲಗಿದ್ಮ್ಯಾಲ ನಾನ ಕುಂತ ಆಡಿ ನೋಡಿದೆ. ಕಾಲೇಜಿನ್ಯಾಗಿದ್ದಾಗ ಮಾತಾಡ್ಕೋತ ದಾಟತಿದ್ದ ತಗ್ಗದು. ನಾನೂ ಬಿದ್ದೆ. ಮತ್ತ ಬಿದ್ದೆ. ನಲ್ವತ್ತ ದಾಟೇತಿ, ಬೆರಳ ನಿಧಾನ ಆಗ್ಯಾವೇನೋ ಅಂತ ಮನಸ್ಸಿಗೆ ಭಾಳ ಕಸಿವಿಸಿ ಆತು, ನಿದ್ದಿ ಬರ್ಲಿಲ್ಲ. ಯಾಕಂದ್ರ ಆ ಹೊತ್ತಿಗೆ ಒಂದ ವರ್ಷದಿಂದ ನಾ ಒಂದ ನೋಟ್‌ಬುಕ್ ತುಂಬಿಸ್ಕೋತ ಬಂದಿದ್ದೆ. ಎರಡೆರಡ ಮೂರ್ಮೂರ ಮಷೀನಿಗೆ ಬಂದಂಥಾ ಹಳೇ ಪ್ಲಾಟ್‌ಫಾರ್ಮರ್, ಅಂದ್ರ ತಗ್ಗ ದಾಟಿ ಜಿಗ್ಕೋತ ಹೋಗೂ ಆಟಗಳು ಅದಾವಲ್ಲ, ರೇಮನ್ 3, ಸೋನಿಕ್ ಹೀರೋಸ್, ಪ್ರಿನ್ಸ್ ಆಫ್ ಪರ್ಶಿಯಾದ ಸ್ಯಾಂಡ್ಸ್ ಆಫ್ ಟೈಮ್, ಇದ ಕ್ರ್ಯಾಶು, ಇವನ್ನೆಲ್ಲಾ ಈಗ ಕುಂತ ಸಮಾಧಾನದಿಂದ ಮತ್ತೊಮ್ಮೆ ಆಡ್ಬೇಕು, ಹಂಗಾರ ಯಾವ ಮಷೀನಿನ್ಯಾಗ ಆಡ್ಬೇಕು? ಪಿಎಸ್ ಟು ಇದ್ದಿದ್ದ ಐತಿ. ಮೈಕ್ರೋಸಾಫ್ಟ್‌ದ ಎಕ್ಸ್‌ಬಾಕ್ಸ್ ತುಗೊಳ್ಳಲೋ, ನಿಂಟೆಂಡೊದ ಗೇಮ್‌ಕ್ಯೂಬ್ ಹುಡುಕಲೋ? ಯಾವ್ದರಾಗ ಫ್ರೇಮ್, ಅಂದ್ರ ಸೆಕೆಂಡಿಗೆ ತೋರಿಸೂ ಚಿತ್ರ, ಎಷ್ಟು, ಯಾವ್ದರಾಗ ಲೋಡಿಂಗ್ ಎಷ್ಟು, ಎಲ್ಲಾ ಬರ್ಕೊಂಡಿದ್ದೆ. ಒತ್ತೂದಕ್ಕೂ ಜಿಗಿಯೂದಕ್ಕೂ ನಡುವ ಎಷ್ಟ ಹೊತ್ತ ಐತಿ ಅನ್ನೂದನ್ನ ಮಾತ್ರ ಎಲ್ಲ್ಯೂ ಬರ್ದಿರ್ಲಿಲ್ಲ. ಹುಡುಗ ಅದನ್ನ ಹತ್ತ ನಿಮಿಷದಾಗ ಹಿಡದಿದ್ದ.

ಕತ್ತಿ ಇತ್ತೋ, ಇಲ್ಲೋ

ಒಂದ ಆಟ ಎರಡ ಮಷೀನಿನ್ಯಾಗ ಬಂತಂದ್ರ ಅದು ಎರಡ ಆಟ ಅನ್ನೂ ಮಾತು ನನಗ ಮದ್ಲ ತಿಳದಿದ್ದು ಜಗಳದಿಂದ. 1996 ಇರ್ಬೇಕು. ಶಹಾಪುರದಾಗ ನಮ್ಮ ಗಲ್ಲಿ ಮೂಲಿಮನಿ ಹುಡುಗನ ಅಪ್ಪ ಮಸ್ಕತ್‌ನ್ಯಾಗ ಕೆಲಸಕ್ಕಿದ್ರು, ಅವ್ರು ಸೂಟಿಗೆ ಬಂದಾಗ ಸೇಗಾ ಮೆಗಾ ಡ್ರೈವ್ ತಂದಿದ್ರು. ನಮ್ಮ ಉಳದವ್ರ ಮನ್ಯಾಗ ಇದ್ದಿದ್ದು ಒಂದ ಕ್ಯಾಸೆಟ್ಟಿನ್ಯಾಗ ಅರವತ್ನಾಕ ಆಟ ಬರೂ ಟಿವಿ ಗೇಮು, ಅದರ ಮುಂದ ಮೆಗಾ ಡ್ರೈವ್ ಅಂದ್ರ ರಾಜವಾಡೆ. ಸಂಜಿಮುಂದ ಅವ್ರ ಪಡಸಾಲ್ಯಾಗ ಏಳೆಂಟ ಮಂದಿ ಸಾಲಾಗಿ ಕುಂಡ್ರತಿದ್ವಿ, ಒಂದ ಲೈಫ್ ಹೋತಂದ್ರ ರಿಮೋಟ್ ಬಾಜೂದವಂಗ ಕೊಡೂದು, ಇದು ಯಾರೂ ಬರ್ದಿಡದ ಕಾಯ್ದೆ. ಅಲ್ಲಿದ್ದ ಆಟ ಅಲ್ಲಾದೀನ್. ಕತ್ತಿ ಬೀಸ್ಕೋತ ಹೊಂಟಂವ, ಸೇಬ ಒಗಿಯಾಂವ, ಕಾವಲುಗಾರಂದು ಚಣ್ಣಾ ಜಾರಿ ಬೀಳತಿತ್ತು, ನಾವೆಲ್ಲಾ ಹೊಟ್ಟಿ ಹಿಡ್ಕೊಂಡ ನಗತಿದ್ವಿ.

ಆ ಬ್ಯಾಸಿಗಿ ಸೂಟ್ಯಾಗ ನಮ್ಮ ಗುಂಪಿನಂವ ಒಬ್ಬಂವ ಮುಂಬೈಯಾಗಿನ ಮಾಮಾನ ಮನಿಗೆ ಹೋಗಿ ಬಂದ. ಬಂದವ್ನ ಏನಂದ ಅಂದ್ರ, ನಾನೂ ಅಲ್ಲಾದೀನ್ ಆಡೀನಿ, ಅವಂಗ ಕತ್ತಿ ಇಲ್ಲ. ಮಂದಿ ತಲಿ ಮ್ಯಾಲ ಜಿಗದ ಹೊಡಿತಾನ, ಅರಬಿ ಬಿಚ್ಚಿ ಕೊಡಿ ಹಂಗ ಹಿಡ್ಕೊಂಡ ಗಾಳ್ಯಾಗ ತೇಲ್ಕೋತ ಇಳಿತಾನ. ಯಾರ ನಂಬ್ತಾರ? ನಮ್ಮ ಕಣ್ಣಮುಂದ ದಿನಾ ಕತ್ತಿ ಬೀಸಾಕತ್ತಾನ. ಸುಳ್ಳ ಬೊಗಳಬ್ಯಾಡ ಅಂದ್ವಿ. "ಯಲ್ಲವ್ವನಾಣಿ, ಕತ್ತಿ ಇಲ್ಲೋ" ಅಂತ ಅಂವ ಗಂಟಲ ಹಿಡದು ಆಣಿ ಮಾಡಿದ. ಸವದತ್ತಿ ಯಲ್ಲವ್ವನ ಮ್ಯಾಲ ಆಣಿ ಹಾಕಿದ್ಮ್ಯಾಲ ಸುಮ್ಮನಾಗ್ಬೇಕಿತ್ತು ನಾವು, ಆಗ್ಲಿಲ್ಲ. ಸುಳ್ಳಾಣಿ ಮಾಡಿದ ಅಂತ ಇನ್ನಷ್ಟ ಕಾಡಿದ್ವಿ. ಎಲ್ಲಾರ್ಕಿಂತ ಜೋರಾಗಿ ನಾನ ಕಾಡಿದ್ದು. ಆ ಮಳಿಗಾಲ ಪೂರ್ತಿ ಅಂವ ಪಡಸಾಲಿಗೆ ಬರ್ಲಿಲ್ಲ.

ಅಂವ ಹೇಳಿದ್ದು ಅಕ್ಷರ ಅಕ್ಷರ ಖರೇ ಇತ್ತು. 1993ರಾಗ ಅಲ್ಲಾದೀನ್ ಅನ್ನೂ ಹೆಸರಿನ ಎರಡ ಆಟ ಬಂದಾವ. ಮೆಗಾ ಡ್ರೈವ್‌ದು ವರ್ಜಿನ್ ಕಂಪನಿದು, ಡೇವಿಡ್ ಪೆರಿ ಅವ್ರ ಗುಂಪು ಮಾಡಿದ್ದು, ಡಿಸ್ನಿಯ ಚಿತ್ರಕಾರರು ಕೈಲೆ ಬರದ ಚಿತ್ರ ಅದರಾಗ ಅದಾವ. ಸೂಪರ್ ನಿಂಟೆಂಡೊ ಅನ್ನೂ ಇನ್ನೊಂದ ಮಷೀನಿಂದು ಕ್ಯಾಪ್‌ಕಾಮ್ ಕಂಪನಿದು, ಅದನ್ನ ವಿನ್ಯಾಸ ಮಾಡಿದಾಂವ ಶಿಂಜಿ ಮಿಕಾಮಿ, ಮುಂದ 1996ರಾಗ ರೆಸಿಡೆಂಟ್ ಈವಿಲ್ ಮಾಡಿದಾಂವ. ಒಂದಕ್ಕ ಕತ್ತಿ, ಇನ್ನೊಂದಕ್ಕ ತಲಿ ಮ್ಯಾಲ ಜಿಗತ. ಸ್ಟೇಜ್ ಬ್ಯಾರೆ, ನಡಿಗಿ ಬ್ಯಾರೆ, ಎಲ್ಲಾ ಬ್ಯಾರೆ. ಇದು ನನಗ ಗೊತ್ತಾಗಿದ್ದು ಇಪ್ಪತ್ತೈದನೇ ವಯಸ್ಸಿನ್ಯಾಗ, ಆಫೀಸಿನ್ಯಾಗ ಕುಂತ ಏನೋ ಓದಾಕತ್ತಿದ್ದೆ. ಕುರ್ಚಿ ಮ್ಯಾಲಿಂದ ಎದ್ದು ಹೊರಗ ಬಂದು ಅವಂಗ ಫೋನ್ ಹಚ್ಚಿದೆ. ತಪ್ಪಾತಪಾ ದೋಸ್ತ, ಕತ್ತಿ ಇರ್ಲಿಲ್ಲ ಅಂದೆ. ಅಂವ ಒಂದ ಗಳಿಗಿ ಸುಮ್ಮನಿದ್ದ. ಆಮ್ಯಾಲ, "ನಾ ಹೇಳ್ಲಿಲ್ಲೇನೋ" ಅಂದ. ಅಷ್ಟ. ಯಾವ ವಿಷಯ ಅಂತ ಕೇಳ್ಲಿಲ್ಲ ನೋಡ್ರಿ, ಹದಿಮೂರ ವರ್ಷ ಆಗಿತ್ತು.

ಆ ಕಾಲದಾಗ ಒಂದ ಆಟ ಎರಡ ಮಷೀನಿಗೆ ಅಂದ್ರ ಮಾಡೂ ಮಂದಿಗೆ ಒದ್ದಾಟ ಇತ್ತು, ಯಾಕಂದ್ರ ಮಷೀನಿನ ಹೊಟ್ಟಿನ ಬ್ಯಾರೆ. ಮೆಗಾ ಡ್ರೈವ್ ಪರದೆ ಮ್ಯಾಲ ಒಮ್ಮೆಗೆ 64 ಬಣ್ಣ, ಸೂಪರ್ ನಿಂಟೆಂಡೊ 256. ಬಣ್ಣ ನೋಡಿ ಎಲ್ಲಾರೂ ಸೂಪರ್ ನಿಂಟೆಂಡೊನ ಚಲೋ ಅಂದ್ಬಿಡ್ತಾರ. ನಾನು ಒಪ್ಪೂದಿಲ್ಲ, ಪ್ಲಾಟ್‌ಫಾರ್ಮರ್ ಮಟ್ಟಿಗರೆ ಒಪ್ಪೂದಿಲ್ಲ. ಮೆಗಾ ಡ್ರೈವ್ ಸಾಮಾನ್ಯ ಅಡ್ಡಕ್ಕ 320 ಚುಕ್ಕಿ ತೋರಿಸ್ತೈತಿ, ಸೂಪರ್ ನಿಂಟೆಂಡೊ 256. ಓಡ್ಕೋತ ಹೊಂಟಾಗ ಮುಂದ ತಗ್ಗ ಐತೋ ಇಲ್ಲೋ ಅನ್ನೂದು ಕಾಣೂದು ಆ ಅಡ್ಡ ಜಾಗದಾಗ. 1994ರ ಅರ್ಥ್‌ವರ್ಮ್ ಜಿಮ್ ಎರಡರಾಗೂ ಬಂತು, ಎರಡೂ ಕಡೆ ಬಹಳಷ್ಟ ಅದ ಆಟ, ಆದ್ರ ಮೆಗಾ ಡ್ರೈವ್‌ನ್ಯಾಗ ಮುಂದಿಂದು ಜಾಸ್ತಿ ಕಾಣ್ತೈತಿ, ಒಂದ ಸ್ಟೇಜೂ ಹೆಚ್ಚಿಗಿ ಐತಿ. ಬಣ್ಣ ಕಮ್ಮಿ ಇದ್ರೂ ನಾ ಅಲ್ಲೆ ಆಡ್ತೀನಿ. ಜಿಗಿಯೂ ಆಟಕ್ಕ ಮದ್ಲ ಬೇಕಾದ್ದು ಮುಂದಿನ ನೆಲ.

ಬೇಕಂತ ಇಟ್ಟ ತಡ

ತಡ ಆಗೂದ ತಪ್ಪು ಅಂತಲ್ಲ, ಇದನ್ನೂ ಹೇಳ್ಬೇಕು. ಅದ ಸುಮಾರಿಗೆ ಟಿಳಕವಾಡಿ ಸೆಕೆಂಡ್ ಗೇಟ್ ಕಡೆ ಒಂದ ಕಂಪ್ಯೂಟರ್ ಕ್ಲಾಸಿಗೆ ಅಪ್ಪ ನನ್ನ ಹಚ್ಚಿದ್ರು, ಚಪ್ಪಲಿ ಹೊರಗ ಬಿಟ್ಟು ಎಸಿ ಖೋಲಿಗೆ ಹೋಗೂದು, ಇಬ್ಬಿಬ್ರಿಗೆ ಒಂದ ಕಂಪ್ಯೂಟರ್. ಸರ್ ಹೊರಗ ಹೋದ್ರು ಅಂದ್ರ ಡಾಸ್‌ನ್ಯಾಗ ಪ್ರಿನ್ಸ್ ಅಂತ ಟೈಪ್ ಮಾಡಿ ಪ್ರಿನ್ಸ್ ಆಫ್ ಪರ್ಶಿಯಾ ಶುರು. ಆ ಆಟದ ರಾಜಕುಮಾರ ಒತ್ತಿದ ಕೂಡ್ಲೆ ಜಿಗಿಯೂದಿಲ್ಲ. ಮೈ ಬಗ್ಗಿಸ್ತಾನ, ಕಾಲ ಊರ್ತಾನ, ಆಮ್ಯಾಲ ಹಾರ್ತಾನ. ಜೋರ್ಡಾನ್ ಮೆಕ್ನರ್ ತನ್ನ ಸ್ವಂತ ತಮ್ಮನ್ನ ಓಡಿಸಿ ಜಿಗಿಸಿ ವಿಡಿಯೋ ತಗದು ಅದರ ಮ್ಯಾಲ ಚಿತ್ರ ತಿದ್ದಿ 1989ರಾಗ ಮಾಡಿದ ಆಟ ಅದು, ಹಿಂಗಾಗಿ ಆ ಮೈಯಾಗ ಖರೇ ಮನಷಾರ ಭಾರ ಐತಿ. ಅಂಚಿಗಿಂತ ಒಂದ ಹೆಜ್ಜಿ ಮದ್ಲ ಒತ್ತಬೇಕು ಅಂತ ನಮ್ಮ ಬೆರಳಿಗೆ ವಾರದಾಗ ತಿಳೀತು, ಹದಿನೈದ ಮಂದಿಗೂ ತಿಳೀತು, ಯಾಕಂದ್ರ ಆ ತಡ ಯಾವಾಗ್ಲೂ ಅಷ್ಟ ಇರ್ತಿತ್ತು ಮತ್ತ ಅದು ಕಣ್ಣಿಗೆ ಕಾಣ್ತಿತ್ತು. ಮುಂದ ಆ ಆಟ ಎಷ್ಟೋ ಮಷೀನಿಗೆ ಹೋತು, 1992ರ ಸೂಪರ್ ನಿಂಟೆಂಡೊ ಆವೃತ್ತಿಯಾಗಂತೂ ಹನ್ನೆರಡ ಸ್ಟೇಜ್ ಹೋಗಿ ಇಪ್ಪತ್ತಾದವು, ಒಂದ ತಾಸಿನ ಗಡುವು ಎರಡ ತಾಸಾತು. ಆದ್ರ ಆ ಬಗ್ಗಿ ಜಿಗಿಯೂದು ಎಲ್ಲಾ ಕಡೆ ಉಳೀತು.

ಹುಡುಗ ಕೇಳಿದ ತಡ ಅಂಥಾದ್ದಲ್ಲ. ಅದು ಕ್ರ್ಯಾಶ್‌ನ ಮೈಯಾಗ ಇಲ್ಲ, ಆಟ ಮಾಡಿದವ್ರ ಮನಸ್ಸಿನ್ಯಾಗೂ ಇರ್ಲಿಲ್ಲ. ನಡುವ ಯಾರೋ ಹೊಕ್ಕಿದ್ರು. ಅದು ಯಾರು ಅಂತ ತಿಳ್ಕೊಳ್ಳಾರದ ಮಷೀನ್ ಆರ್ಸೂದು ಅಂದ್ರ ಜ್ವರ ಯಾತರಿಂದ ಬಂತು ಅಂತ ನೋಡಾರದ ಗುಳಿಗಿ ತಿಂದಂಗ.

ಡಬ್ಬಾ ಟಿವಿ

ಮರುದಿನ ಮೊಬೈಲಿನ ಸ್ಲೋ ಮೋಶನ್ ಹಚ್ಚಿ, ಬೆರಳೂ ಪರದೆನೂ ಎರಡೂ ಕಾಣೂಹಂಗ ವಿಡಿಯೋ ತಗದೆ. ಗುಂಡಿ ಒಳಗ ಹೋದ ಚಿತ್ರದಿಂದ ಕ್ರ್ಯಾಶ್‌ನ ಕಾಲ ನೆಲ ಬಿಟ್ಟ ಚಿತ್ರದತನಾ ಒಂದೊಂದ ಸರಿಸ್ಕೋತ ಎಣಿಸಿದೆ. ಟಿವಿ ಸೆಟ್ಟಿಂಗ್‌ನ್ಯಾಗ ಗೇಮ್ ಮೋಡ್ ಹಚ್ಚಿ ಮತ್ತ ಎಣಿಸಿದೆ, ಕಮ್ಮಿ ಆತು, ಆದ್ರ ಹೋಗ್ಲಿಲ್ಲ. ಕಾರಣ ಹಿಂಗ ಐತಿ. ಪಿಎಸ್ ಟು ಆ ಹಳದಿ ವೈರಿನ್ಯಾಗ ಕಳಿಸೂದು ಪೂರ್ತಿ ಚಿತ್ರ ಅಲ್ಲ, ಒಮ್ಮೆ ಬೆಸ ಗೆರಿ ಒಮ್ಮೆ ಸರಿ ಗೆರಿ, ಅರ್ಧರ್ಧಾ. ಹಳೇ ಗಾಜಿನ ಡಬ್ಬಾ ಟಿವಿ ಬಂದ ಗೆರಿಯನ್ನ ಬಂದಂಗ ಪರದೆ ಮ್ಯಾಲ ಗೀಚ್ತೈತಿ, ಕೂಡಿಸಿ ಇಡೂದ ಇಲ್ಲ. ಈಗಿನ ಚಪ್ಪಟಿ ಟಿವಿ ಆ ಅರ್ಧರ್ಧಾ ಹಿಡ್ಕೊಂಡು, ಕೂಡಿಸಿ ಪೂರ್ತಿ ಮಾಡಿ, ಹಿಗ್ಗಿಸಿ, ಮ್ಯಾಲ ತನ್ನ ಬಣ್ಣದ ಅಲಂಕಾರ ಮಾಡಿ ಆಮ್ಯಾಲ ತೋರಿಸ್ತೈತಿ. ಸಿನಿಮಾ ನೋಡಾಕ ಏನೂ ಅಡ್ಡಿ ಇಲ್ಲ, ದನಿನೂ ಅಷ್ಟ ತಡ ಮಾಡಿ ಬಿಡ್ತೈತಿ. ಜಿಗಿಯೂ ಆಟಕ್ಕ ಮಾತ್ರ ಅಷ್ಟರಾಗ ಹುಡುಗ ತಗ್ಗಿನ್ಯಾಗ ಬಿದ್ದಿರ್ತಾನ.

ಗೋಕಾಕದಾಗ ಕಾಕಾನ ಮನ್ಯಾಗ ಒಂದ ಇಪ್ಪತ್ತೊಂದ ಇಂಚಿನ ಡಬ್ಬಾ ಟಿವಿ ಇದ್ದಿದ್ದು ನೆನಪಾತು. ಹಬ್ಬ ಮುಗದ ಮ್ಯಾಲ ಕಾರ್ ತುಗೊಂಡ ಹೋದೆ. ಅಡಗಿಮನಿ ಮೂಲ್ಯಾಗ ಅದರ ಮ್ಯಾಲ ಅರಬಿ ಹಾಸಿ ಉಪ್ಪಿನಕಾಯಿ ಭರಣಿ ಇಟ್ಟಿದ್ರು. ಕಾಕು ಭರಣಿ ಎತ್ತಿ ಎಲ್ಲಿಡ್ಲಿ ಅಂತ ನಿಂತ್ಲು. ಕಾಕಾ, "ಇದಕ್ಕ ಬೆಳಗಾವಿಂದ ಬಂದಿ?" ಅಂತ ಕೇಳಿ, ಒಂದಿಷ್ಟೊತ್ತ ಬಿಟ್ಟು, "ನಿಮ್ಮಜ್ಜ ಕಡೀಗೆ ನೋಡಿದ ಟಿವಿ ಇದು, ಸಂಭಾಳಿಸ್ಕೊಂಡ ಹೋಗು" ಅಂದ್ರು. ಇಬ್ರೂ ಹಿಡದು ಕಾರಿನ ಹಿಂದಿನ ಸೀಟಿನ ಮ್ಯಾಲ ಮಾರಿ ಸೀಟಿನ ಕಡೆ ಮಾಡಿ ಇಟ್ವಿ, ಗಾಜಿನ ಭಾರ ಎಲ್ಲಾ ಮುಂದ ಇರ್ತೈತಿ, ಹಂಗ ಇಟ್ರನ ಸುರಕ್ಷಿತ.

ಚಾಲೂ ಮಾಡಿದ್ರ ಚಿತ್ರ ಮ್ಯಾಲೂ ಕೆಳಗೂ ಕುಗ್ಗಿ ನಡುವ ಒಂದ ಪಟ್ಟಿ ಆಗಿತ್ತು. ಖಡೇಬಜಾರ ಹಿಂದಿನ ಗಲ್ಲ್ಯಾಗ ಒಬ್ರು ಹಳೇ ಮೆಕ್ಯಾನಿಕ್ ಅದಾರ, ಅರವತ್ತೈದರ ಮ್ಯಾಲ ವಯಸ್ಸು, ಮರಾಠಿ ಕನ್ನಡ ಎರಡೂ ಒಂದ ವಾಕ್ಯದಾಗ ಮಾತಾಡ್ತಾರ. "ಕಾಯ್ ಭಾವು, ಇದನ್ನ ರಿಪೇರಿಗೆ ತಂದೀರಿ? ಮಂದಿ ಗುಜರಿಗೆ ಹಾಕಾಕ ಕೇಳ್ಕೊಂಡ ಬರ್ತಾರ ನೋಡ್ರಿ" ಅಂದ್ರು. ಆದ್ರ ಹಿಂದಿನ ಕವರ್ ಬಿಚ್ಚೂದರಾಗ ಅವ್ರ ಮಾರಿ ಬ್ಯಾರೆನ ಆತು. ವರ್ಟಿಕಲ್ ಭಾಗದ ಎರಡ ಕೆಪ್ಯಾಸಿಟರ್ ಒಣಗ್ಯಾವು ಅಂತ ಮುಟ್ಟಿ ನೋಡೂಕಿಂತ ಮದ್ಲ ಹೇಳಿದ್ರು. ಹಾಕಿದ್ರು, ಸ್ಕ್ರೂಡ್ರೈವರ್‌ಲೆ ಚಿತ್ರ ಹಿಗ್ಗಿಸಿದ್ರು, ಅಂಗಡಿಯೊಳಗ ಅಗದೀ ಚೌಕಾಗಿ ನಿಂತ ಆ ಚಿತ್ರ ನೋಡಿ ಅವ್ರ ನನಗಿಂತ ಖುಷಿ ಆಗಿದ್ರು. ರೊಕ್ಕ ಕೊಡಾಕ ಹೋದ್ರ ಬರೇ ಕೆಪ್ಯಾಸಿಟರ್‌ದು ತುಗೊಂಡ್ರು. ಈ ಕೆಲಸಾ ಯಾರೂ ಕೇಳ್ಕೊಂಡ ಬಂದಿರ್ಲಿಲ್ಲ ಭಾಳ ದಿವಸಾತು, ಅಂದ್ರು.

ಮನಿಗೆ ತಂದು ಅದ ಪಿಎಸ್ ಟು, ಅದ ಡಿಸ್ಕ್, ಅದ ತಗ್ಗು. ಒಂದ ಸಲಕ್ಕ ದಾಟಿದೆ. ಮೊಬೈಲಿನ್ಯಾಗ ಎಣಿಸಿದ್ರ ದೊಡ್ಡ ಟಿವಿಗಿಂತ ಅರ್ಧಕ್ಕಿಂತ ಕಮ್ಮಿ ಹೊತ್ತು. ಬೆರಳಿಗೆ ಏನೂ ಆಗಿರ್ಲಿಲ್ಲ.

ಈ ಟಿವಿ ಮುಂದ ಕುಂತಾಗ ಇನ್ನೊಂದ ಹಳೇ ಒಗಟ ಬಿಡಿಸ್ತು. ನಮ್ಮ ದೇಶದಾಗ ಟಿವಿ ಪಾಲ್ ಅನ್ನೂ ಪದ್ಧತಿದು, ಪರದೆ ಮ್ಯಾಲ ಸೆಕೆಂಡಿಗೆ 50 ಸಲ ಗೀಚ್ತೈತಿ. ಅಮೆರಿಕಾ ಜಪಾನಿನ್ಯಾಗ ಎನ್‌ಟಿಎಸ್‌ಸಿ, 60 ಸಲ. ಆ ಕಾಲದ ಎಷ್ಟೋ ಆಟ 60ಕ್ಕ ಮಾಡಿ, ಪಾಲ್ ಮಷೀನಿಗೆ ಹೊಂದಿಸದ ಹಂಗ ಬಿಟ್ರು, ಹಿಂಗಾಗಿ ಆರರಾಗ ಐದ ಪಾಲು ವೇಗದಾಗ ಓಡತಿದ್ದು. ಮೂಲಿಮನಿ ಮೆಗಾ ಡ್ರೈವ್‌ನ್ಯಾಗ ಮದ್ಲನೇ ಸೋನಿಕ್ ಕಲ್ತ ನಾನು ಕಂಪ್ಯೂಟರಿನ್ಯಾಗ ಎಮ್ಯುಲೇಟರ್, ಅಂದ್ರ ಹಳೇ ಮಷೀನಿನ ಸೋಗ ಹಾಕೂ ಸಾಫ್ಟ್‌ವೇರ್, ಹಾಕಿ ಆಡಿದಾಗ ಅಲ್ಲೆ ಇಲ್ಲೆ ಡಿಕ್ಕಿ ಹೊಡಿತಿದ್ದೆ, ಹಾಡ ಸುದ್ದಾ ಗಡಿಬಿಡಿ ಅನಿಸ್ತಿತ್ತು. ನಾವ್ ಪಡಸಾಲ್ಯಾಗ ಕಲ್ತ ಸೋನಿಕ್ ನಿಧಾನದಾಂವ. ಮಸ್ಕತ್‌ದ ಪಾಲ್ ಮಷೀನೂ ಬೆಳಗಾವಿ ಪಾಲ್ ಟಿವಿನೂ ಕೂಡಿ ಮಾಡಿದ ಸೋನಿಕ್. ಮೂವತ್ತ ವರ್ಷದ ಮ್ಯಾಲೂ ಬೆರಳ ಅಂವನ್ನ ಹುಡುಕ್ತಾವ.

ಮೂರ ಡಬ್ಬಿ

ಟಿವಿ ಆತು. ಇನ್ನ ಮಷೀನ್. ಡಿಸೆಂಬರಿನ್ಯಾಗ ಭಾವ ಪುಣೇದ ಜುನಾ ಬಜಾರಿನ್ಯಾಗ ಒಂದ ಪಾಲ್ ಎಕ್ಸ್‌ಬಾಕ್ಸ್ ಹುಡುಕಿ ಕೊಟ್ರು, 2001ರ ಮದ್ಲನೇ ಎಕ್ಸ್‌ಬಾಕ್ಸ್, ಕರೇ ಇಟ್ಟಂಗಿ. ಪಾಲ್‌ನ ನೋಡಿ ತುಗೋರಿ ಅಂತ ಬಿಡದ ಹೇಳಿದ್ದೆ, ಅಮೆರಿಕಾದ್ದು ತಂದ್ರ 110 ವೋಲ್ಟಿನ ತಕರಾರು, ಟ್ರಾನ್ಸ್‌ಫಾರ್ಮರ್ ಇಲ್ಲದ ಹಚ್ಚಿದ್ರ ಸುಟ್ಟ ಹೋಗ್ತೈತಿ. ತಂದ ಕೂಡ್ಲೆ ಆಟ ಆಡ್ಲಿಲ್ಲ, ಮದ್ಲ ಅದ ಮೆಕ್ಯಾನಿಕ್ ಕಡೆ ಒಯ್ದೆ. ಯಾಕಂದ್ರ ಆ ಎಕ್ಸ್‌ಬಾಕ್ಸ್‌ನ್ಯಾಗ ಗಡಿಯಾರಕ್ಕಂತ ಒಂದ ಕೆಪ್ಯಾಸಿಟರ್ ಹಾಕ್ಯಾರ, ಕಡೀ ಮಾಡೆಲ್ ಬಿಟ್ಟು ಉಳದಿದ್ದರಾಗೆಲ್ಲಾ ಅದು ವಯಸ್ಸಾದಂಗ ಸೋರಿ ಬೋರ್ಡ್ ತಿಂತೈತಿ. ಕಿತ್ತ ಒಗದ್ರ ಆಟಕ್ಕ ಏನೂ ಆಗೂದಿಲ್ಲ, ತಾರೀಖು ವ್ಯಾಳ್ಯಾ ಅಷ್ಟ ಮರೀತೈತಿ. ನಮ್ಮದು ಸೋರಾಕ ಶುರು ಆಗಿತ್ತು. ಮೆಕ್ಯಾನಿಕ್ ಕಾಕಾ ಕಿತ್ತು, ಬೋರ್ಡ್ ಸ್ಪಿರಿಟ್ ಹಚ್ಚಿ ತಿಕ್ಕಿ ಒರಸಿ ಕೊಟ್ರು. ಹಳೇ ಎಕ್ಸ್‌ಬಾಕ್ಸ್ ತುಗೊಳ್ಳೂ ವಿಚಾರ ಯಾರಿಗರೆ ಇದ್ರ ಇದನ್ನ ಮದ್ಲ ಮಾಡ್ಸ್ರಿ, ನಾಳೆ ಅನ್ನಬ್ಯಾಡ್ರಿ.

ಕಾಗದದ ಮ್ಯಾಲ ಎಕ್ಸ್‌ಬಾಕ್ಸ್ ಗೆಲ್ಲತೈತಿ, ಅದರಾಗ ವಾದ ಇಲ್ಲ. 733 ಮೆಗಾಹರ್ಟ್ಜ್ ಇಂಟೆಲ್ ಪ್ರೊಸೆಸರ್, 64 ಎಂಬಿ ಮೆಮೊರಿ, ಒಳಗ ಹಾರ್ಡ್ ಡಿಸ್ಕ್. ಪಿಎಸ್ ಟು 2000ದ್ದು, ಒಂದೂವರಿ ವರ್ಷ ಹಿರೇದು, ಸುಮಾರು 295 ಮೆಗಾಹರ್ಟ್ಜ್, 32 ಎಂಬಿ. ಆದ್ರ ಮಾರಾಟದಾಗ ಪಿಎಸ್ ಟು 15 ಕೋಟಿ ದಾಟಿತು, ಎಕ್ಸ್‌ಬಾಕ್ಸ್ ಎರಡೂವರಿ ಕೋಟಿ ಸನೇಕ ಬಂದು ನಿಂತಿತು. ಹಿಂಗಾಗಿ ಮೂರೂ ಮಷೀನಿಗೆ ಆಟ ಮಾಡೂ ಕಂಪನಿಗೋಳು ಪಿಎಸ್ ಟುವನ್ನ ಕಣ್ಣಮುಂದ ಇಟ್ಕೊಂಡ ಮಾಡೂದ ಹೆಚ್ಚ ಇತ್ತು, ಉಳದವಕ್ಕ ಅದನ್ನ ಒಯ್ಯೂದು. ಶಕ್ತಿ ಇದ್ದಾಂವ ಪೂರ್ತಿ ಶಕ್ತಿ ತೋರಿಸಾಕ ಜಾಗ ಇರ್ಲಿಲ್ಲ. ಎಲ್ಲಾ ಆಟ ಹಂಗ ಅಂತಲ್ಲ. 2005ರ ಸೈಕೋನಾಟ್ಸ್ ಎಕ್ಸ್‌ಬಾಕ್ಸ್ ಮ್ಯಾಲ ಬೆಳದ ಆಟ, ಅದನ್ನ ಪಿಎಸ್ ಟುವಿನ್ಯಾಗ ಹಾಕಿದ್ರ ಉಸಿರ ಬಿಡ್ತೈತಿ. ಅದಕ್ಕ ಬ್ಯಾರೆ ವಿಚಾರನ ಬ್ಯಾಡ, ಎಕ್ಸ್‌ಬಾಕ್ಸ್.

ಸೋನಿಕ್ ಹೀರೋಸ್ ತುಗೋರಿ. 2001ರಾಗ ಸೇಗಾ ಮಷೀನ್ ಮಾಡೂದ ಬಿಡ್ತೀವಿ ಅಂದಮ್ಯಾಲ ಸೋನಿಕ್ ಬ್ಯಾರೆಯವ್ರ ಮನಿಗೆ ಹೋಗ್ಬೇಕಾತು, 2003ರ ಕಡೀಗೆ ಈ ಆಟ ಬಂತು, ರೆಂಡರ್‌ವೇರ್ ಅನ್ನೂ ತಯಾರ್ ಸಾಫ್ಟ್‌ವೇರ್ ಮ್ಯಾಲ ಮಾಡಿದ್ದು, ಅದ್ರಿಂದ ಮೂರೂ ಮಷೀನಿಗೆ ಒಯ್ಯೂದು ಹಗರಾತು. ಗೇಮ್‌ಕ್ಯೂಬ್, ಎಕ್ಸ್‌ಬಾಕ್ಸ್‌ನ್ಯಾಗ 60 ಫ್ರೇಮ್. ಪಿಎಸ್ ಟುವಿನ್ಯಾಗ 30. ಈ ಎರಡ ಅಂಕಿ ನನ್ನ ನೋಟ್‌ಬುಕ್ಕಿನ ಮದ್ಲನೇ ಹಾಳಿ ಮ್ಯಾಲನ ಇದ್ದು, ಆದ್ರ ಅಂಕಿ ಓದೂದ ಬ್ಯಾರೆ, ಬೆರಳಿಗೆ ತಾಕೂದ ಬ್ಯಾರೆ. 30 ಅಂದ್ರ ಒಂದೊಂದ ಚಿತ್ರ 33 ಮಿಲಿಸೆಕೆಂಡ್ ನಿಂದರ್ತೈತಿ, ನೀವು ಒತ್ತಿದ್ದು ಮುಂದಿನ ಚಿತ್ರ ಬರೂತನಾ ಕಾಯ್ಬೇಕು. ಸಮುದ್ರ ದಂಡಿ ಸ್ಟೇಜಿನ್ಯಾಗ ಸೋನಿಕ್ ಜೋರಾಗಿ ಬಂದು ಅಂಚಿಗೆ ಜಿಗಿಯೂ ಜಾಗದಾಗ ಪಿಎಸ್ ಟುವಿನ್ಯಾಗ ನಾ ಅಂದಾಜ ಮ್ಯಾಲ ಒತ್ತತಿದ್ದೆ, ಎಕ್ಸ್‌ಬಾಕ್ಸ್‌ನ್ಯಾಗ ನೋಡಿ ಒತ್ತಿದೆ. ಇಷ್ಟ ವರ್ಷ ಈ ಆಟ ಸುಮಾರೈತಿ ಅಂತ ಮಂದಿಗೆ ಹೇಳ್ಕೋತ ಬಂದಿದ್ದೆ. ನಾ ಆಡಿದ್ದ ಆ ಆಟ ಅಲ್ಲ. ಮತ್ತ ಕತ್ತಿ ಜಗಳನ ಇದು, ಈ ಸಲ ನಾನೊಬ್ನ ಎರಡೂ ಕಡೆ ಇದ್ದೆ.

ರ‍್ಯಾತ್ ಆಫ್ ಕಾರ್ಟೆಕ್ಸ್‌ನ್ಯಾಗ ಜಗ್ಗಾಟ ಬ್ಯಾರೆ, ಅಲ್ಲಿ ಲೋಡಿಂಗ್. ಪಿಎಸ್ ಟು ಡಿಸ್ಕ್ ಓದ್ಕೋತ ಕುಂತ್ರ ಒಂದ ಸ್ಟೇಜಿಗೆ ಹೋಗೂದರಾಗ ಚಹಾಕ್ಕಿಟ್ಟ ಹಾಲ ಉಕ್ಕತಾವ, ಎಕ್ಸ್‌ಬಾಕ್ಸ್‌ನ್ಯಾಗ ಕಮ್ಮಿ. ಬಿದ್ದು ಬಿದ್ದು ಕಲಿಯೂ ಆಟದಾಗ ನಡುವ ಕಾಯೂದ ಜಾಸ್ತಿ ಆತಂದ್ರ ಬೆರಳ ಹಿಡದ ಲಯ ತಪ್ಪತೈತಿ. ಹಿಂಗಾಗಿ ಅದೂ ಎಕ್ಸ್‌ಬಾಕ್ಸ್‌ಗೆ ಹೋತು. ಸ್ಯಾಂಡ್ಸ್ ಆಫ್ ಟೈಮ್ ಮಾತ್ರ ಪಿಎಸ್ ಟುವಿನ್ಯಾಗ ಇಟ್ಟೀನಿ. ಆ ಆಟದಾಗ ತಪ್ಪಿ ಬಿದ್ರ ಖಂಜೀರದ ಮರಳಿನಿಂದ ವ್ಯಾಳ್ಯಾ ಹಿಂದ ತಿರುವಬಹುದು, ಬಿದ್ದಾಂವ ಮತ್ತ ಅಂಚಿನ ಮ್ಯಾಲ ಬಂದ ನಿಂದರ್ತಾನ. ಕ್ಷಮಿಸೂ ಆಟಕ್ಕ ಯಾವ ಮಷೀನಾದ್ರೂ ನಡೀತೈತಿ. ಕ್ಷಮಿಸದ ಆಟಕ್ಕ ನೋಡಿ ಆರ್ಸಬೇಕು.

ಪಿಎಸ್ ಟು ಬಿಡಾಕ ಆಗೂದಿಲ್ಲ ಅನ್ನೂದಕ್ಕ ಇನ್ನೂ ಕಾರಣ ಅದಾವ. ಪಿಎಸ್ ಒಂದರ ಡಿಸ್ಕೂ ಅದರಾಗ ನಡೀತಾವ, ಅಂದ್ರ 1995ರ ಮದ್ಲನೇ ರೇಮನ್‌ದಿಂದ ಹಿಡದು ಹಳೇ ಮೂರ ಕ್ರ್ಯಾಶ್‌ತನಾ ಒಂದ ಡಬ್ಬಿ. ರೇಮನ್ 2 ಅಂತೂ ತನ್ನಷ್ಟಕ್ಕ ಒಂದ ಕಥಿ, 1999ರಾಗ ನಿಂಟೆಂಡೊ 64ಕ್ಕ ಬಂದು ಮುಂದ ಡ್ರೀಮ್‌ಕಾಸ್ಟು, ಪಿಎಸ್ ಒಂದು, ಪಿಎಸ್ ಟು ಅಂತ ಹೋತು. ಪಿಎಸ್ ಒಂದಕ್ಕ ಒಯ್ದಾಗ ಸ್ಟೇಜ್ ಕಡಿದು ಬದಲಿ ಮಾಡಿದ್ರು, ಪಿಎಸ್ ಟುವಿಗೆ ರೆವಲ್ಯೂಷನ್ ಅಂತ ಹೆಸರಿಟ್ಟು ಸ್ಟೇಜುಗಳ ನಡುವ ಅಡ್ಡಾಡೂ ಊರಿನಂಥಾ ಜಾಗ ಕೂಡಿಸಿದ್ರು. ಒಂದ ಹೆಸರ, ಎಷ್ಟ ಮೈ. ಇನ್ನ ಡಿಸ್ಕು, ಲೆನ್ಸು, ರಿಮೋಟು ಇವತ್ತಿಗೂ ಬೆಳಗಾವಿಯಾಗ ಕೇಳಿದ್ರ ಸಿಗೂದು ಪಿಎಸ್ ಟುವಿಂದ. 2013ರ ಜನವರಿಯಾಗ ಸೋನಿ ಇದನ್ನ ಮಾಡೂದ ನಿಲ್ಲಿಸ್ತು ಅಂತ ಸುದ್ದಿ ಬಂದಾಗ್ಲೂ ನಮ್ಮ ಕಡೆ ತಾಸಿಗಿಷ್ಟು ಅಂತ ಆಡಿಸೂ ಅಂಗಡ್ಯಾಗ ಇದ ಓಡತಿತ್ತು. ರಿಪೇರಿ ಮಾಡೂ ಕೈ ಊರಾಗ ಇದ್ದ ಮಷೀನು, ಇಲ್ಲದ ಮಷೀನಿಗಿಂತ ದೊಡ್ಡದು. ಫ್ರೇಮ್ ಎಣಿಸೂ ಮಂದಿ ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ, ನಾ ಹಿಡಿತೀನಿ.

ಮೊಬೈಲಿನ್ಯಾಗ, ಕಂಪ್ಯೂಟರಿನ್ಯಾಗ ಎಮ್ಯುಲೇಟರ್ ಹಾಕ್ಕೊಂಡ ಆಡಬಾರ್ದಾ ಅಂತ ಭಾಳ ಮಂದಿ ಕೇಳ್ತಾರ. ಆಡ್ರಿ, ತಪ್ಪೇನಿಲ್ಲ, ಎಷ್ಟೋ ಆಟ ಹಂಗ ಉಳದಾವ. ಮೊಬೈಲಿನ ಗಾಜಿನ ಮ್ಯಾಲ ಮಾತ್ರ ಪ್ಲಾಟ್‌ಫಾರ್ಮರ್ ಆಡಬ್ಯಾಡ್ರಿ. ಗುಂಡಿಗೆ ಅಂಚ ಇಲ್ಲ, ಹೆಬ್ಬಟ್ಟ ಎಲ್ಲೈತಿ ಅನ್ನೂದು ಹೆಬ್ಬಟ್ಟಿಗೆ ತಿಳೀಬೇಕು, ಕಣ್ಣಿಗಲ್ಲ.

ಉಳದದ್ದು ಗೇಮ್‌ಕ್ಯೂಬ್. ನಮ್ಮ ಊರಾಗ ಯಾರ ಮನ್ಯಾಗೂ ನಾ ನೋಡಿಲ್ಲ. ಅದರ ಸಣ್ಣ ಡಿಸ್ಕಿನ್ಯಾಗ ಹಿಡಿಯೂದು ಒಂದೂವರಿ ಜಿಬಿ, ಪಿಎಸ್ ಟು ಡಿವಿಡಿಯಾಗ 4.7, ಹಿಂಗಾಗಿ ಮೂರೂ ಕಡೆ ಬಂದ ಆಟದ ವಿಡಿಯೋನೆಲ್ಲಾ ಇದರಾಗ ಒತ್ತಿ ಒತ್ತಿ ತುರುಕಿರ್ತಾರ. ಆದ್ರ ನನ್ನ ಮನಸ್ಸು ಇರೂದು ಅದರ ರಿಮೋಟಿನ ಮ್ಯಾಲ. ದಿಕ್ಕ ತಿರುವೂ ಅದರ ಸ್ಟಿಕ್ ಸುತ್ತ ಎಂಟ ಮೂಲಿ ಕೊರದಾರ, ಮ್ಯಾಲ ನೂಕಿದ್ರ ಮ್ಯಾಲಿನ ಮೂಲ್ಯಾಗ ಹೋಗಿ ಕುಂಡ್ರತೈತಿ, ಅಡ್ಡ ಸರಿಯೂದಿಲ್ಲ. ಸಪೂರ ಹಲಗಿ ಮ್ಯಾಲ ನಡ್ಯಾಕ, ನೆಟ್ಟಗ ಜಿಗ್ಯಾಕ ಅದಕ್ಕಿಂತ ಚಲೋ ಇರಾಕಿಲ್ಲ. ಜಿಗಿಯೂ ಗುಂಡಿ ನಡುವ ದೊಡ್ಡದಾಗಿ ಹಸರ ಬಣ್ಣದಾಗ, ಉಳದವು ಸುತ್ತ ಸಣ್ಣಾವು. ರಿಮೋಟ್ ಮಾಡಿದವ್ರಿಗೆ ಯಾವ ಗುಂಡಿ ದೊಡ್ಡದು ಅನ್ನೂದು ಗೊತ್ತಿತ್ತು. ರೇಮನ್ 3 ಅದರಾಗನ ಆಡ್ಬೇಕು ಅಂತ ಅದಕ್ಕ ಇನ್ನೂ ಮುಟ್ಟದ ಇಟ್ಟೀನಿ.

ಕೊಲ್ಹಾಪುರದಾಗ ಒಬ್ರ ಕಡೆ ಒಂದ ಐತಂತ, ಪಾಲ್ ಮಷೀನು, ರೇಮನ್ 3 ಡಿಸ್ಕ್ ಸೈತ. ರವಿವಾರ ಹೋಗಿ ನೋಡ್ಕೊಂಡ ಬರಾವ ಅದೀನಿ. ಅಕ್ಕನ ಮಗಂಗ ಫೋನ್ ಮಾಡಿ ಹೇಳಿದೆ. ತುಗೊಳ್ಳೂಕಿಂತ ಮದ್ಲ ಅಲ್ಲೆ ಹಚ್ಚಿ ನೋಡು ಮಾಮಾ ಅಂದ, ಯಾವ ಟಿವಿ ಐತಿ ಅವ್ರ ಮನ್ಯಾಗ ಅಂತನೂ ಕೇಳಿದ. ಗೊತ್ತಿಲ್ಲೋ ಅಂದೆ. "ಹಂಗಾರ ನಮ್ಮ ಟಿವಿನ ಹಾಕ್ಕೊಂಡ ಹೋಗು." ಹಿಂದಿನ ಸೀಟ್ ಖಾಲಿ ಮಾಡಾಕತ್ತೀನಿ.